ನಕ್ಕವರೇ ಟಿಕೆಟ್ ಕೊಂಡರು

ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ, 25 ಮತ್ತು 26ನೇ ಬೀದಿಗಳ ನಡುವೆ, 69ನೇ ರೆಜಿಮೆಂಟಿನ ಶಸ್ತ್ರಾಗಾರವಿದೆ. ಐರಿಷ್ ಮೂಲದ ಸಿಪಾಯಿಗಳ ಕೆಚ್ಚಿಗೆ ಹೆಸರಾದ ಪಡೆ ಅದು. ಒಳಗೆ ಕವಾಯತಿಗೆಂದು ಕಟ್ಟಿದ ಭಾರೀ ಹಾಲ್. 1913ರ ಫೆಬ್ರುವರಿಯಲ್ಲಿ ಆ ಹಾಲನ್ನು ಒಂದು ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿದವರು ಚಿತ್ರಕಾರರು. ಬಾಡಿಗೆ ಸುಮಾರು 5,000 ಡಾಲರ್. ಗೋಣಿಬಟ್ಟೆ ಹೊದಿಸಿದ ಅಡ್ಡಗೋಡೆಗಳನ್ನು ನಿಲ್ಲಿಸಿ ಎಂಟು ಮೂಲೆಯ ಕೋಣೆಗಳನ್ನು ಮಾಡಿದರು, ಒಟ್ಟು 18. ಗೋಡೆಗಳಿಗೆ ಪೈನ್ ಸೊಪ್ಪಿನ ತೋರಣ ಕಟ್ಟಿದರು. ಸುಮಾರು 300 ಕಲಾವಿದರ 1,300ರಷ್ಟು ಕೃತಿಗಳನ್ನು ಅಲ್ಲಿ ತೂಗುಹಾಕಿ, ನಿಲ್ಲಿಸಿ, ಫೆಬ್ರುವರಿ 17ರ ಸಂಜೆ ಬಾಗಿಲು ತೆರೆದರು.

ಕಾಗದದ ಮೇಲೆ ಅದರ ಹೆಸರು ‘ಆಧುನಿಕ ಕಲೆಯ ಅಂತರರಾಷ್ಟ್ರೀಯ ಪ್ರದರ್ಶನ’. ಜನರ ಬಾಯಲ್ಲಿ ಉಳಿದದ್ದು ‘ಆರ್ಮರಿ ಶೋ’. ಪಶ್ಚಿಮದ ಕಲೆಯ ಚರಿತ್ರೆ ಬರೆಯುವವರು ಇದನ್ನು ಹೇಳುವ ರೀತಿ ಸಾಮಾನ್ಯವಾಗಿ ಒಂದೇ. ಪ್ಯಾರಿಸಿನ ಹೊಸ ಚಿತ್ರಗಳು ಬಂದವು, ಅಮೆರಿಕ ಬೆಚ್ಚಿಬಿತ್ತು, ಮೊದಲು ನಕ್ಕಿತು, ಆಮೇಲೆ ಕಣ್ಣು ತೆರೆಯಿತು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಈ ಹಬ್ಬ ಮಾಡಿದವರು ಯಾರು, ಯಾರಿಗಾಗಿ ಮಾಡಿದರು ಎಂಬುದು ಈ ಕತೆಯಲ್ಲಿ ಜಾರಿಹೋಗುತ್ತದೆ. ಮಾಡಿದವರು ಅಮೆರಿಕದ ಕಲಾವಿದರು, ತಮ್ಮ ಕೆಲಸವನ್ನು ನಾಲ್ಕು ಜನ ನೋಡಲಿ ಎಂದು. ಕೃತಿಗಳಲ್ಲಿ ಮೂರನೇ ಎರಡು ಪಾಲು ಅವರದೇ. ಅಡುಗೆ ಮಾಡಿ ಪಂಕ್ತಿ ಹಾಕಿದವರಿಗೇ ಕೊನೆಗೆ ಎಲೆ ಸಿಗಲಿಲ್ಲ.

ಆಗಿನ ನ್ಯೂಯಾರ್ಕಿನಲ್ಲಿ ಒಬ್ಬ ಚಿತ್ರಕಾರ ಬದುಕಬೇಕಾದರೆ ‘ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್’ನ ವಾರ್ಷಿಕ ಪ್ರದರ್ಶನದಲ್ಲಿ ಜಾಗ ಸಿಗಬೇಕಿತ್ತು. ಜಾಗ ಕೊಡುವವರು ಅಕಾಡೆಮಿಯ ಹಿರಿಯರು. ಅವರ ರುಚಿಗೆ ಹೊಂದದ ಚಿತ್ರ ವಾಪಸ್. ರಾಬರ್ಟ್ ಹೆನ್ರಿ ಮತ್ತು ಅವನ ಗೆಳೆಯರು 1908ರಲ್ಲಿ ಮ್ಯಾಕ್‌ಬೆತ್ ಗ್ಯಾಲರಿಯಲ್ಲಿ ‘ದಿ ಎಯ್ಟ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಪ್ರದರ್ಶನ ಮಾಡಿ ಈ ಹಿಡಿತಕ್ಕೆ ಮೊದಲ ಪೆಟ್ಟು ಕೊಟ್ಟಿದ್ದರು. ಗಲ್ಲಿ, ಹೆಂಡದಂಗಡಿ, ಕುಸ್ತಿಕಣ, ಒಣಹಾಕಿದ ಬಟ್ಟೆ, ಇವೂ ಚಿತ್ರಕ್ಕೆ ವಸ್ತುವಾಗಬಲ್ಲವು ಎಂಬುದು ಆ ಬಳಗದ ವಾದ. 1911ರ ಕೊನೆಯಲ್ಲಿ ಇನ್ನೊಂದಿಷ್ಟು ಅತೃಪ್ತರು ಸೇರಿ ‘ಅಮೆರಿಕನ್ ಚಿತ್ರಕಾರರ ಮತ್ತು ಶಿಲ್ಪಿಗಳ ಸಂಘ’ ಕಟ್ಟಿದರು. ಮೊದಲ ಅಧ್ಯಕ್ಷ ಜೆ. ಆಲ್ಡೆನ್ ವಿಯರ್, ಸ್ವತಃ ಅಕಾಡೆಮಿಯ ಸದಸ್ಯ. ಈ ಸಂಘ ಅಕಾಡೆಮಿಯ ವಿರುದ್ಧ ಹೊರಟಿದೆ ಎಂದು ಪತ್ರಿಕೆಯಲ್ಲಿ ಓದಿದ ಕೂಡಲೇ ಆತ ರಾಜೀನಾಮೆ ಕೊಟ್ಟ. ಖಾಲಿಯಾದ ಕುರ್ಚಿಗೆ ಬಂದವನು ಆರ್ಥರ್ ಬಿ. ಡೇವೀಸ್.

ಈ ಡೇವೀಸ್ ಒಂದು ಒಗಟು. ಅವನು ಬರೆಯುತ್ತಿದ್ದ ಚಿತ್ರಗಳಲ್ಲಿ ಕ್ರಾಂತಿಯ ವಾಸನೆಯೂ ಇರಲಿಲ್ಲ. ಮಂಜು ಕವಿದ ಕಡಲತೀರ, ಕನಸಿನಲ್ಲಿ ನಡೆಯುವಂಥ ಹೆಂಗಸರು, ಒಂಟಿಕೊಂಬಿನ ಬಿಳಿಕುದುರೆಗಳು. ಮಾತು ಕಡಿಮೆ, ಗುಟ್ಟು ಹೆಚ್ಚು. ಎಷ್ಟು ಗುಟ್ಟೆಂದರೆ, ಎರಡು ಹೆಸರಿನಲ್ಲಿ ಎರಡು ಸಂಸಾರ ನಡೆಸುತ್ತಿದ್ದ ಸಂಗತಿ 1928ರಲ್ಲಿ ಅವನು ಸತ್ತ ಮೇಲಷ್ಟೇ ಹೆಂಡತಿಗೆ ಗೊತ್ತಾಯಿತು. ಆದರೆ ಶ್ರೀಮಂತರ ಮನೆಗಳಲ್ಲಿ ಅವನ ಮಾತಿಗೆ ಬೆಲೆಯಿತ್ತು, ದುಡ್ಡು ತರಬಲ್ಲವನಾಗಿದ್ದ. ಮೇಲಾಗಿ ಯುರೋಪಿನಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಎಂಬುದರ ಸುಳಿವು ಅವನಿಗೆ ಉಳಿದವರಿಗಿಂತ ಮೊದಲೇ ಹತ್ತಿತ್ತು.

1912ರಲ್ಲಿ ಜರ್ಮನಿಯ ಕಲೋನಿನಲ್ಲಿ ‘ಸೋಂಡರ್‌ಬುಂಡ್’ ಎಂಬ ಬೃಹತ್ ಪ್ರದರ್ಶನ ನಡೆಯಿತು. ವ್ಯಾನ್ ಗೋ, ಗೋಗ್ಯಾನ್, ಸೆಜಾನ್, ಅವರ ಹಿಂದೆಯೇ ಪಿಕಾಸೊ. ಅದರ ಕ್ಯಾಟಲಾಗು ಡೇವೀಸ್ ಕೈಗೆ ಸಿಕ್ಕಿತು. ನಾವೂ ಇಂಥದ್ದೊಂದು ಮಾಡಿದರೆ ಹೇಗೆ ಎಂದು ಚೀಟಿ ಬರೆದು ಅದನ್ನು ಸಂಘದ ಕಾರ್ಯದರ್ಶಿ ವಾಲ್ಟ್ ಕೂನ್‌ಗೆ ಕಳಿಸಿದ. ಕೂನ್ ಆಗ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಚಿತ್ರ ಬರೆಯುತ್ತ ಕೂತಿದ್ದ. ತಂತಿ ಕೊಟ್ಟು ಹಡಗಿನ ಟಿಕೆಟ್ ಮಾಡಿಸಿಕೊಂಡು ಹೊರಟೇಬಿಟ್ಟ. ಕಲೋನ್ ಮುಟ್ಟಿದಾಗ ಪ್ರದರ್ಶನದ ಕೊನೆಯ ದಿನ. ಸಿಕ್ಕಷ್ಟು ಹೊತ್ತಿನಲ್ಲಿ ಕಣ್ಣು ತುಂಬಿಸಿಕೊಂಡು ಅಲ್ಲಿಂದ ಹೇಗ್, ಮ್ಯೂನಿಕ್, ಬರ್ಲಿನ್, ಪ್ಯಾರಿಸ್ ಎಂದು ಓಡಿದ. ಪ್ಯಾರಿಸಿನಲ್ಲಿ ವಾಲ್ಟರ್ ಪಾಕ್ ಎಂಬ ಅಮೆರಿಕನ್ ಚಿತ್ರಕಾರನಿದ್ದ. ಅಲ್ಲಿನ ಕಲಾವಿದರ ಮನೆಗಳ ಬಾಗಿಲು ಅವನಿಗೆ ಗೊತ್ತು. ನವೆಂಬರಿನಲ್ಲಿ ಡೇವೀಸ್ ಕೂಡ ಬಂದು ಸೇರಿದ. ಮೂವರೂ ಟ್ಯಾಕ್ಸಿಯಲ್ಲಿ ಸ್ಟುಡಿಯೋದಿಂದ ಸ್ಟುಡಿಯೋಗೆ ತಿರುಗಿದರು. ಬ್ರಾಂಕುಸಿಯ ಶಿಲ್ಪಗಳು, ಮಾತೀಸ್‌ನ ನೀಲಿ ಬೆತ್ತಲೆ ಹೆಣ್ಣು, ಪ್ಯಾರಿಸ್ ಪಕ್ಕದ ಪ್ಯುತೋದಲ್ಲಿ ದ್ಯುಶಾಂ ಸಹೋದರರ ಚಿತ್ರಗಳು, ಎಲ್ಲವೂ ಪಟ್ಟಿಗೆ ಸೇರಿದವು. ವಾಪಸಾಗುವ ದಾರಿಯಲ್ಲಿ ಲಂಡನ್ನಿನಲ್ಲಿ ರೋಜರ್ ಫ್ರೈ ನಡೆಸುತ್ತಿದ್ದ ಪ್ರದರ್ಶನವನ್ನೂ ನೋಡಿಕೊಂಡು ಬಂದರು.

ಆಯ್ಕೆ ಸಮತೂಕದ್ದಾಗಿತ್ತು ಎನ್ನಲಾಗದು. ಜರ್ಮನಿಯ ಅಭಿವ್ಯಕ್ತಿವಾದಿಗಳಿಗೆ ಕಿರ್ಕ್‌ನರ್, ಕ್ಯಾಂಡಿನ್‌ಸ್ಕಿ ತಲಾ ಒಂದೊಂದು ಚಿತ್ರದಂತೆ ಲೆಕ್ಕಕ್ಕಿಟ್ಟ ಜಾಗ. ಇಟಲಿಯ ಭವಿಷ್ಯವಾದಿಗಳು ಬರಲೇ ಇಲ್ಲ. ಹೀಗಾಗಿ ಹೊಸ ಕಲೆ ಅಂದರೆ ಪ್ಯಾರಿಸ್ ಎಂಬ ಭಾವನೆ ಅಮೆರಿಕದಲ್ಲಿ ಮುಂದಿನ ಮೂರು ದಶಕ ಬೇರೂರಲು ಇದೇ ನಾಂದಿಯಾಯಿತು. ಒಂದು ಪ್ರವಾಸದ ಅವಸರಕ್ಕೆ ಇಷ್ಟು ದೀರ್ಘ ಆಯುಸ್ಸು ಸಿಕ್ಕಿದ್ದು ವಿಚಿತ್ರವೇ.

ಡೇವೀಸ್ ಪ್ರದರ್ಶನವನ್ನು ಒಂದು ಪಾಠದಂತೆ ಜೋಡಿಸಿದ್ದ. ಗೋಯಾ, ಆಂಗ್ರ್, ಡೆಲಾಕ್ರಾ, ಅವರಿಂದ ಇಂಪ್ರೆಷನಿಸ್ಟರು, ಅವರಿಂದ ಸೆಜಾನ್, ಕೊನೆಗೆ ಕ್ಯೂಬಿಸ್ಟರು. ಇದು ಹುಚ್ಚಾಟವಲ್ಲ, ವಂಶಾವಳಿ ಇರುವ ಕಲೆ ಎಂದು ತೋರಿಸುವ ಉಪಾಯ. ಅದಕ್ಕೇ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದ ಧ್ವಜದಲ್ಲಿದ್ದ ಪೈನ್ ಮರವನ್ನು ಲಾಂಛನ ಮಾಡಿಕೊಂಡದ್ದು. ಬಂಡಾಯ ನಮ್ಮ ಮನೆತನದ್ದೇ, ಹೊರಗಿನಿಂದ ತಂದದ್ದಲ್ಲ ಎಂಬ ಸೂಚನೆ.

ಮೊದಲ ಎರಡು ವಾರ ಜನ ಅಷ್ಟಾಗಿ ಬರಲಿಲ್ಲ. ಪೋಸ್ಟರು, ಪೋಸ್ಟ್‌ಕಾರ್ಡು, ಕರಪತ್ರ, ಪ್ರಚಾರಕ್ಕೇನೂ ಕಡಿಮೆಯಿರಲಿಲ್ಲ. ಜನರನ್ನು ಎಳೆದು ತಂದದ್ದು ಗೇಲಿ. ಕ್ಯೂಬಿಸ್ಟರ ಚಿತ್ರಗಳಿದ್ದ ‘ಐ’ ಕೋಣೆಗೆ ಪತ್ರಿಕೆಗಳು ಭೂತಬಂಗಲೆಯಂಥ ಅಡ್ಡಹೆಸರಿಟ್ಟವು. ವ್ಯಂಗ್ಯಚಿತ್ರಕಾರರಿಗೆ ದಿನಾ ಸುಗ್ಗಿ. ಬ್ರಾಂಕುಸಿಯ ‘ಮಾದ್ಮೊಸೆಲ್ ಪೊಗನಿ’ ಎಂಬ ಪ್ಲಾಸ್ಟರಿನ ತಲೆ ಅವರ ಕಣ್ಣಿಗೆ ಮೊಟ್ಟೆಯಾಯಿತು. ಪತ್ರಿಕೆ ಓದಿ ನಕ್ಕವರು ಮಾರನೆಯ ದಿನ ಟಿಕೆಟ್ ಕೊಂಡು ಸ್ವತಃ ನಗಲು ಬಂದರು. ಮಾರ್ಚ್ 15ರಂದು ಬಾಗಿಲು ಮುಚ್ಚುವ ಹೊತ್ತಿಗೆ 80 ಸಾವಿರಕ್ಕೂ ಹೆಚ್ಚು ಜನ ನೋಡಿಹೋಗಿದ್ದರು. ನಗೆಪಾಟಲಾಗುವುದು ಕೂಡ ಒಂದು ಬಂಡವಾಳ ಎಂಬುದನ್ನು ಕೂನ್ ಎಲ್ಲರಿಗಿಂತ ಬೇಗ ಅರಿತ. ಪ್ರದರ್ಶನದ ನಡುವೆ ಪತ್ರಕರ್ತರನ್ನು, ಬೈದವರನ್ನೂ ಸೇರಿಸಿ ಕರೆದು, ಹೋಟೆಲಿನಲ್ಲಿ ಭರ್ಜರಿ ಔತಣ ಹಾಕಿದರು.

ಎಲ್ಲ ಗೇಲಿಯ ನಡುಮಧ್ಯದಲ್ಲಿ ನಿಂತದ್ದು ಒಂದು ಚಿತ್ರ. ಮಾರ್ಸೆಲ್ ದ್ಯುಶಾಂನ ‘ಮೆಟ್ಟಿಲಿಳಿಯುವ ಬೆತ್ತಲೆ, ಸಂಖ್ಯೆ 2’.

ಹೆಚ್ಚುಕಡಿಮೆ ಐದಡಿ ಎತ್ತರ, ಮೂರಡಿ ಅಗಲದ ಕ್ಯಾನ್ವಾಸ್. ಬಣ್ಣವೆಲ್ಲ ಮರದ ಬಣ್ಣ. ಕಂದು, ಜೇನು, ಒಣಹುಲ್ಲಿನ ಹಳದಿ, ಅಂಚುಗಳಲ್ಲಿ ಕಪ್ಪು. ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಒಂದು ಆಕೃತಿ ಇಳಿಯುತ್ತಿದೆ. ಒಂದೇ ಆಕೃತಿಯ ಇಪ್ಪತ್ತಕ್ಕೂ ಹೆಚ್ಚು ಕ್ಷಣಗಳು ಒಂದರ ಮೇಲೊಂದು ಬಿದ್ದಿವೆ ಎಂದರೆ ಸರಿಯಾದೀತು. ತೊಡೆ ಇರಬೇಕಾದಲ್ಲಿ ಬಾಗಿದ ಹಲಗೆಗಳ ಸಾಲು. ಸೊಂಟದ ಹತ್ತಿರ ಚಲನೆಯನ್ನು ತೋರಿಸುವ ಕಮಾನುಗೆರೆಗಳು, ನಡುವೆ ಬಿಳಿ ಚುಕ್ಕಿಗಳ ಒಂದು ಬಾಗು. ಮುಖವಿಲ್ಲ, ಚರ್ಮವಿಲ್ಲ. ಕೆಳಗೆ ಎಡಮೂಲೆಯಲ್ಲಿ ದೊಡ್ಡಕ್ಷರದಲ್ಲಿ ಫ್ರೆಂಚಿನ ಶೀರ್ಷಿಕೆ, ಚಿತ್ರದ ಮೇಲೆಯೇ ಬರೆದದ್ದು. ಓಡುವ ಮನುಷ್ಯನ, ಹಾರುವ ಹಕ್ಕಿಯ ಚಲನೆಯನ್ನು ಒಂದೇ ತಟ್ಟೆಯ ಮೇಲೆ ಹಂತಹಂತವಾಗಿ ಸೆರೆಹಿಡಿದ ಫ್ರಾನ್ಸಿನ ಮಾರೆಯ ಫೋಟೋಗಳನ್ನು ನೋಡಿದ್ದರೆ ಈ ಚಿತ್ರದ ವ್ಯಾಕರಣ ಕಷ್ಟವಾಗದು.

ಇದನ್ನು ಮೊದಲು ತಿರಸ್ಕರಿಸಿದವರು ಅಮೆರಿಕದವರಲ್ಲ, ಪ್ಯಾರಿಸಿನ ಕ್ಯೂಬಿಸ್ಟ್ ಗೆಳೆಯರೇ. 1912ರ ವಸಂತದಲ್ಲಿ ‘ಸಲೋನ್ ದೆ ಆಂದಿಪಾಂದಾಂ’ ಪ್ರದರ್ಶನಕ್ಕೆ ದ್ಯುಶಾಂ ಇದನ್ನು ಕೊಟ್ಟಿದ್ದ. ತೀರ್ಪುಗಾರರೇ ಇಲ್ಲದ, ಯಾರು ಬೇಕಾದರೂ ತೂಗುಹಾಕಬಹುದಾದ ಪ್ರದರ್ಶನ ಅದು. ಆದರೂ ಕ್ಯೂಬಿಸ್ಟರ ಕೋಣೆ ನೋಡಿಕೊಳ್ಳುತ್ತಿದ್ದವರಿಗೆ ಇದು ತಮ್ಮನ್ನೇ ಅಣಕಿಸಿದಂತೆ ಕಂಡಿತು. ಬೆತ್ತಲೆ ಹೆಣ್ಣು ಅಂದರೆ ಒರಗಿರಬೇಕು, ಇಲ್ಲವೇ ನಿಂತಿರಬೇಕು, ಮೆಟ್ಟಿಲು ಇಳಿಯುವುದುಂಟೆ? ಕನಿಷ್ಠ ಹೆಸರನ್ನಾದರೂ ಬದಲಾಯಿಸಲಿ ಎಂದು ದ್ಯುಶಾಂನ ಅಣ್ಣಂದಿರಿಬ್ಬರ ಕೈಲೇ ಹೇಳಿಕಳಿಸಿದರು. ಅವನು ಒಂದು ಮಾತೂ ಆಡದೆ ಹೋಗಿ ಚಿತ್ರವನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಮನೆಗೆ ಬಂದ.

ಹೊಸತನದ ವಕ್ತಾರರನ್ನೇ ಕೆಣಕಿದ ಚಿತ್ರ ನ್ಯೂಯಾರ್ಕಿನ ಸಾಮಾನ್ಯ ಪ್ರೇಕ್ಷಕನಿಗೆ ಒಗ್ಗೀತೆ? ಹಂಚಿನ ಬದಲು ಛಾವಣಿಗೆ ಹಾಕುವ ಮರದ ಬಿಲ್ಲೆಗಳ ಕಾರ್ಖಾನೆ ಸ್ಫೋಟಗೊಂಡಂತಿದೆ ಎಂದು ಒಬ್ಬರು ಹೇಳಿದ್ದು ಊರೆಲ್ಲ ಹರಡಿತು. ‘ಈವನಿಂಗ್ ಸನ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಸಬ್‌ವೇ ನಿಲ್ದಾಣದ ಮೆಟ್ಟಿಲಲ್ಲಿ ಕಚೇರಿ ಬಿಡುವ ಹೊತ್ತಿನ ನೂಕುನುಗ್ಗಲನ್ನು ಅದೇ ಶೈಲಿಯಲ್ಲಿ ಬರೆದ. ನನಗೆ ಕೇಳಿದರೆ ಆ ವ್ಯಂಗ್ಯಚಿತ್ರಕಾರ ಚಿತ್ರವನ್ನು ವಿಮರ್ಶಕರಿಗಿಂತ ಚೆನ್ನಾಗಿ ಓದಿದ್ದ. ‘ಅಮೆರಿಕನ್ ಆರ್ಟ್ ನ್ಯೂಸ್’ ಪತ್ರಿಕೆ ಒಂದು ಹೆಜ್ಜೆ ಮುಂದೆ ಹೋಗಿ, ಚಿತ್ರದಲ್ಲಿ ಹೆಣ್ಣೆಲ್ಲಿದ್ದಾಳೆ ಎಂದು ತೋರಿಸಿದವರಿಗೆ 10 ಡಾಲರ್ ಬಹುಮಾನ ಸಾರಿತು. ಗೆದ್ದ ಪದ್ಯದ ಸಾರಾಂಶ: ಅಲ್ಲಿ ಹೆಂಗಸೇ ಇಲ್ಲ, ಇರುವುದು ಗಂಡಸು.

ಪ್ರೇಕ್ಷಕರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಇದ್ದ. ಬಂದದ್ದು ಮಾರ್ಚ್ 4ರಂದು. ಹಿಂದಿನ ವರ್ಷ ಚುನಾವಣೆಯಲ್ಲಿ ತನ್ನನ್ನು ಸೋಲಿಸಿದ ವುಡ್ರೋ ವಿಲ್ಸನ್ ವಾಷಿಂಗ್ಟನ್ನಿನಲ್ಲಿ ಪ್ರಮಾಣವಚನ ತೆಗೆದುಕೊಂಡ ದಿನವೇ ಅದು. ಆ ಸಮಾರಂಭದ ಸದ್ದಿನಿಂದ ದೂರವಿರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲವೇನೋ. ಬಳಿಕ ‘ದಿ ಔಟ್‌ಲುಕ್’ ಪತ್ರಿಕೆಯಲ್ಲಿ ಸಾಮಾನ್ಯನ ಅಭಿಪ್ರಾಯ ಎಂದು ಲೇಖನ ಬರೆದ. ದ್ಯುಶಾಂ ಚಿತ್ರಕ್ಕಿಂತ ತನ್ನ ಸ್ನಾನದ ಮನೆಯಲ್ಲಿರುವ ನವಾಹೊ ಬುಡಕಟ್ಟಿನ ನೆಯ್ಗೆಯ ಹಾಸೇ ಎಷ್ಟೋ ವಾಸಿ ಎಂದ. ಈ ಸಾಲು ಎಲ್ಲರಿಗೂ ನೆನಪಿದೆ. ಅದೇ ಲೇಖನದಲ್ಲಿ ಅಮೆರಿಕದ ಕಲಾವಿದರ ವಿಭಾಗವನ್ನು ಮನಸಾರೆ ಹೊಗಳಿದ್ದು, ಸವೆದ ಸಂಪ್ರದಾಯದ ಸೋಂಕು ಅಲ್ಲಿ ಇಲ್ಲವೆಂದು ಮೆಚ್ಚಿದ್ದು ಯಾರಿಗೂ ನೆನಪಿಲ್ಲ. ಪ್ರದರ್ಶನ ಮಾಡಿದವರು ಹಂಬಲಿಸಿದ್ದ ಮೆಚ್ಚುಗೆ ಅದೇ ಆಗಿತ್ತು.

ಪ್ರದರ್ಶನ ನ್ಯೂಯಾರ್ಕ್ ಬಿಟ್ಟು ಹೊರಟಂತೆ ಈ ಮರೆವು ಬೆಳೆಯುತ್ತ ಹೋಯಿತು. ಮಾರ್ಚ್ 24ರಂದು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ತೆರೆದಾಗ ಅಮೆರಿಕನ್ನರ ಕೃತಿಗಳಲ್ಲಿ ಬಹುಪಾಲನ್ನು ಕೈಬಿಡಲಾಗಿತ್ತು. ಜನ ನೋಡಬಯಸಿದ್ದು ಪತ್ರಿಕೆಗಳಲ್ಲಿ ಓದಿದ್ದ ‘ಹುಚ್ಚರ’ ಚಿತ್ರಗಳನ್ನು. ಸುಮಾರು 1,88,000 ಜನ ಬಂದರು, ನ್ಯೂಯಾರ್ಕಿನ ಎರಡರಷ್ಟು. ಸಂಸ್ಥೆಯ ನಿರ್ದೇಶಕ ಪ್ರದರ್ಶನದ ಹೊತ್ತಿಗೆ ಸರಿಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ. ಇಲಿನಾಯ್ ರಾಜ್ಯದ ಅನೈತಿಕ ದಂಧೆಗಳ ತನಿಖಾ ಸಮಿತಿಯವರು ಚಿತ್ರಗಳನ್ನು ಪರೀಕ್ಷಿಸಲು ಆಳು ಕಳಿಸಿದರು. ಕೊನೆಯ ದಿನ, ಏಪ್ರಿಲ್ 16ರಂದು, ಕಲಾಶಾಲೆಯ ವಿದ್ಯಾರ್ಥಿಗಳು ಮಾತೀಸ್‌ನ ಹೆಸರನ್ನು ‘ಹೇರ್‌ಮ್ಯಾಟ್ರೆಸ್’ ಎಂದು ತಿರುಚಿ, ಅವನ ಮೇಲೆ ಅಣಕು ವಿಚಾರಣೆ ನಡೆಸಿ, ಕಲೆಯನ್ನು ಕೊಂದ ಅಪರಾಧಿ ಎಂದು ಸಾರಿ, ಅವನ ಚಿತ್ರಗಳ ನಕಲುಗಳನ್ನು ಸುಟ್ಟರು. ಬೈಯುವುದಕ್ಕಾದರೂ ಮೊದಲು ಆ ಚಿತ್ರಗಳನ್ನು ಕೈಯಾರೆ ನಕಲು ಮಾಡಬೇಕಾಯಿತಲ್ಲ. ಕಲಾಶಾಲೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮನೆಪಾಠ ಬೇರೆ ಯಾರು ಕೊಡುತ್ತಿದ್ದರು?

ಷಿಕಾಗೋದಲ್ಲಿ ಪ್ರದರ್ಶನದ ಪರ ನಿಂತವರಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯ ಕಲಾವಿಮರ್ಶಕಿ ಹ್ಯಾರಿಯೆಟ್ ಮನ್ರೋ ಒಬ್ಬಳು. ನಮ್ಮವರಿಗೆ ಅವಳ ಹೆಸರು ಬೇರೆ ಕಾರಣಕ್ಕೆ ಪರಿಚಿತ. ಅವಳು ಕಟ್ಟಿದ ‘ಪೊಯೆಟ್ರಿ’ ಮಾಸಿಕದ 1912ರ ಡಿಸೆಂಬರ್ ಸಂಚಿಕೆಯಲ್ಲೇ ರವೀಂದ್ರನಾಥ ಟ್ಯಾಗೋರರ ಕವಿತೆಗಳು ಅಮೆರಿಕದ ಓದುಗರನ್ನು ಮೊದಲು ಮುಟ್ಟಿದ್ದು. ಎಲ್ಲ ಕ್ಯೂಬಿಸ್ಟರೂ ಅವಳಿಗೆ ಹಿಡಿಸಿದ್ದರೆಂದಲ್ಲ. ನೋಡುವ ಅವಕಾಶ ತಪ್ಪಬಾರದು ಎಂಬುದಷ್ಟೇ ಅವಳ ಹಟ.

ಏಪ್ರಿಲ್ ಕೊನೆಗೆ ಬಾಸ್ಟನ್ನಿನ ಕೋಪ್ಲಿ ಹಾಲಿಗೆ ಬಂದಾಗ ಪ್ರದರ್ಶನದಲ್ಲಿ ಅಮೆರಿಕನ್ನರ ಕೃತಿ ಒಂದೂ ಇರಲಿಲ್ಲ. ಬಾಸ್ಟನ್ ತಲೆಯೂ ಕೆಡಿಸಿಕೊಳ್ಳಲಿಲ್ಲ.

ಇನ್ನು ದುಡ್ಡಿನ ಕತೆ. ದ್ಯುಶಾಂ ಚಿತ್ರವನ್ನು ಕೊಂಡವನು ಸ್ಯಾನ್ ಫ್ರಾನ್ಸಿಸ್ಕೋದ ಕಲಾ ವ್ಯಾಪಾರಿ ಫ್ರೆಡರಿಕ್ ಟೋರಿ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಿಂದ ತಂತಿ ಕೊಟ್ಟು ಕಾದಿರಿಸಿದ. ಬೆಲೆ 324 ಡಾಲರ್. ಅಷ್ಟು ಹೆಸರು ಕೆಟ್ಟ ಚಿತ್ರಕ್ಕೆ ಅಷ್ಟು ಅಗ್ಗ. ಅತಿ ದುಬಾರಿಗೆ ಹೋದದ್ದು ಸೆಜಾನ್‌ನ ಒಂದು ಬೆಟ್ಟದ ದೃಶ್ಯ. ಮೆಟ್ರೊಪಾಲಿಟನ್ ಮ್ಯೂಸಿಯಂ ಅದಕ್ಕೆ 6,700 ಡಾಲರ್ ಕೊಟ್ಟಿತು. ಅಮೆರಿಕದ ಸಾರ್ವಜನಿಕ ಸಂಗ್ರಹಾಲಯವೊಂದು ಸೆಜಾನ್‌ನನ್ನು ಕೊಂಡದ್ದು ಅದೇ ಮೊದಲು. ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಕ್ಯಾಂಡಿನ್‌ಸ್ಕಿಯ ಏಕೈಕ ಚಿತ್ರವನ್ನು 500 ಡಾಲರಿಗೆ ಕೊಂಡ. ಫಿಫ್ತ್ ಅವೆನ್ಯೂವಿನ ತನ್ನ ಪುಟ್ಟ ‘291’ ಗ್ಯಾಲರಿಯಲ್ಲಿ ಮಾತೀಸ್, ಸೆಜಾನ್, ಪಿಕಾಸೊ ಇವರನ್ನೆಲ್ಲ ಅವನು ವರ್ಷಗಳ ಹಿಂದೆಯೇ ತೋರಿಸಿದ್ದ. ಬೆರಳೆಣಿಕೆಯ ಮಂದಿ ಬಂದು ನೋಡಿದ್ದರು, ಅಷ್ಟೆ. ಡೇವೀಸ್‌ನ ಸಲಹೆ ಕೇಳಿ ಕೊಳ್ಳುತ್ತಿದ್ದ ಲಿಲಿ ಬ್ಲಿಸ್ ಎಂಬ ಸಿರಿವಂತೆಯ ಸಂಗ್ರಹ ಮುಂದೆ 1929ರಲ್ಲಿ ಹುಟ್ಟಿದ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಅಡಿಪಾಯವಾಯಿತು.

ಮೂರೂ ಊರು ಸೇರಿ ಮಾರಾಟವಾದ ಸುಮಾರು 170 ಕೃತಿಗಳಲ್ಲಿ ಅಮೆರಿಕನ್ನರವು 50ರ ಆಸುಪಾಸು. ಅದರಲ್ಲೊಂದು 30 ವರ್ಷದ ಎಡ್ವರ್ಡ್ ಹಾಪರ್‌ನ ಹಾಯಿದೋಣಿಯ ಚಿತ್ರ, 250 ಡಾಲರ್. ಅವನು ಮಾರಿದ ಮೊಟ್ಟಮೊದಲ ವರ್ಣಚಿತ್ರ. ಇನ್ನೊಂದು ಮಾರಾಟವಾಗಲು ಹತ್ತು ವರ್ಷ ಕಾಯಬೇಕಾಯಿತು. ಹೆನ್ರಿಯ ಬಳಗದ ಪಾಡು ಇನ್ನೂ ಕಷ್ಟದ್ದು. ಐದು ವರ್ಷದ ಹಿಂದೆ ಬಂಡಾಯಗಾರರೆನಿಸಿಕೊಂಡವರು ಒಂದು ತಿಂಗಳಲ್ಲಿ ಹಳಬರಾಗಿಬಿಟ್ಟರು. ಸಂಘ ಹುಟ್ಟುಹಾಕಿದವರಲ್ಲಿ ಒಬ್ಬನಾದ ಜೆರೋಮ್ ಮೈಯರ್ಸ್, ಡೇವೀಸ್ ಪರದೇಶದ ಕಲೆಗೆ ಬಾಗಿಲು ತೆರೆದು ಬೀಗದಕೈಯನ್ನೇ ಎಸೆದುಬಿಟ್ಟ ಎಂಬರ್ಥದಲ್ಲಿ ಮುಪ್ಪಿನಲ್ಲೂ ಕೊರಗಿದ್ದಾನೆ. 1914ರಲ್ಲಿ ಲೆಕ್ಕಪತ್ರದ ಜಗಳ ಬಂದು ಹೆನ್ರಿ, ಬೆಲೋಸ್, ಸ್ಲೋನ್, ಮೈಯರ್ಸ್ ಮೊದಲಾದವರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಸಂಘ ಇನ್ನೊಂದು ಪ್ರದರ್ಶನ ಮಾಡಲಿಲ್ಲ. ಕಿರಿಯರ ಅನುಭವ ಬೇರೆ. ಇಪ್ಪತ್ತರ ಹರೆಯದ ಸ್ಟುವರ್ಟ್ ಡೇವಿಸ್‌ನ ಐದು ಜಲವರ್ಣಗಳು ಅಲ್ಲಿದ್ದವು. ಅವನಿಗೆ ತನ್ನ ಚಿತ್ರ ಮಾರುವುದಕ್ಕಿಂತ ಬೇರೆಯವರ ಚಿತ್ರ ನೋಡುವುದೇ ದೊಡ್ಡದಾಯಿತು. ಮುಂದಿನ ಬದುಕಿಡೀ ಆ ದಾರಿಯಲ್ಲೇ ನಡೆದ.

ಚಿತ್ರಗಳಷ್ಟೇ ಮುಖ್ಯವಾದ ಇನ್ನೊಂದು ಕೆಲಸ ನಡೆದದ್ದು ಪ್ರದರ್ಶನದ ಹೊರಗೆ. ಉದ್ಘಾಟನೆಯಂದು ಭಾಷಣ ಮಾಡಿದ ಜಾನ್ ಕ್ವಿನ್ ನ್ಯೂಯಾರ್ಕಿನ ದೊಡ್ಡ ವಕೀಲ, ಪ್ರದರ್ಶನದ ಅತಿ ದೊಡ್ಡ ಗಿರಾಕಿಯೂ ಹೌದು. ಆಗಿನ ಸುಂಕದ ಕಾನೂನು ಒಂದು ತಮಾಷೆ. 20 ವರ್ಷಕ್ಕಿಂತ ಹಳೆಯ ಕಲಾಕೃತಿ ಹೊರದೇಶದಿಂದ ಬಂದರೆ ಸುಂಕವಿಲ್ಲ, ಹೊಸದಾದರೆ ಶೇ 15. ಕೋಟ್ಯಧಿಪತಿ ಕೊಳ್ಳುವ ಹಳೆಯ ಕಾಲದ ಚಿತ್ರಕ್ಕೆ ಮಾಫಿ, ಬದುಕಿರುವ ಕಲಾವಿದನಿಗೆ ದಂಡ. ಕ್ವಿನ್ ಸಂಸತ್ತಿನ ಮುಂದೆ ವಾದ ಹೂಡಿ 1913ರ ಅಕ್ಟೋಬರಿನ ಹೊಸ ಕಾಯ್ದೆಯಲ್ಲಿ ಆ ಸುಂಕವನ್ನು ತೆಗೆಸಿದ. ಅಲ್ಲಿಂದಾಚೆ ಪ್ಯಾರಿಸಿನ ಚಿತ್ರ ಅಮೆರಿಕಕ್ಕೆ ಬರುವ ದಾರಿ ಸಲೀಸಾಯಿತು.

ಪೂರ್ತಿ ಸಲೀಸಾಯಿತೆನ್ನಲಾಗದು. 1926ರಲ್ಲಿ ಬ್ರಾಂಕುಸಿಯ ಕಂಚಿನ ‘ಆಕಾಶದಲ್ಲಿ ಹಕ್ಕಿ’ ನ್ಯೂಯಾರ್ಕ್ ಬಂದರಿಗೆ ಬಂತು. ನೀಳವಾದ, ಕನ್ನಡಿಯಂತೆ ಹೊಳೆಯುವ ಒಂದು ಬಾಗು. ರೆಕ್ಕೆಯಿಲ್ಲ, ಕೊಕ್ಕಿಲ್ಲ. ಕಸ್ಟಮ್ಸ್ ಅಧಿಕಾರಿಗಳು ಅದನ್ನು ಶಿಲ್ಪವೆಂದು ಒಪ್ಪದೆ, ಅಡುಗೆಮನೆ ಮತ್ತು ಆಸ್ಪತ್ರೆಯ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇ 40 ಸುಂಕ ಹಾಕಿದರು. 600 ಡಾಲರಿನ ಹಕ್ಕಿಗೆ 240 ಡಾಲರ್. ಅದನ್ನು ಕೊಂಡಿದ್ದವನು ಫೋಟೋಗ್ರಾಫರ್ ಎಡ್ವರ್ಡ್ ಸ್ಟೈಕನ್, ಪ್ಯಾರಿಸಿನಿಂದ ‘291’ ಗ್ಯಾಲರಿಗೆ ಚಿತ್ರಗಳನ್ನು ಆರಿಸಿ ಕಳಿಸುತ್ತಿದ್ದವನು. ಕ್ವಿನ್ ಆಗಲೇ ತೀರಿಕೊಂಡು ಎರಡು ವರ್ಷವಾಗಿತ್ತು. ಆರ್ಮರಿ ಶೋಗೆ ಹಿಂದೆ ದುಡ್ಡು ಕೊಟ್ಟಿದ್ದ ಗರ್ಟ್ರೂಡ್ ವ್ಯಾಂಡರ್‌ಬಿಲ್ಟ್ ವಿಟ್ನಿಯ ನೆರವಿನಿಂದ ಮೊಕದ್ದಮೆ ನಡೆಯಿತು. ಇದನ್ನು ಕಾಡಿನಲ್ಲಿ ಕಂಡರೆ ಹಕ್ಕಿಯೆಂದು ಗುಂಡು ಹೊಡೆಯುತ್ತೀರಾ ಎಂದು ನ್ಯಾಯಪೀಠದಿಂದ ಪ್ರಶ್ನೆ ಬಂತು. ಇಲ್ಲ ಎಂದ ಸ್ಟೈಕನ್. 1928ರ ನವೆಂಬರಿನಲ್ಲಿ ತೀರ್ಪು ಹೊರಬಿತ್ತು. ಹೊಸ ಪಂಥದ ಕಲೆಯೊಂದು ಬೆಳೆದುಬಂದಿದೆ, ಅದು ವಸ್ತುಗಳನ್ನು ಅನುಕರಿಸುವ ಬದಲು ಅಮೂರ್ತ ಕಲ್ಪನೆಗಳನ್ನು ಚಿತ್ರಿಸಲು ಹೊರಟಿದೆ, ಅದು ನಮಗೆ ಹಿಡಿಸಲಿ ಬಿಡಲಿ, ಅಂಥದ್ದೊಂದಿದೆ ಎಂಬುದನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಲೇಬೇಕು ಎಂದು ನ್ಯಾಯಾಧೀಶ ವೇಟ್ ಹೇಳಿ, ಹಕ್ಕಿಯ ಮೇಲಿನ ಸುಂಕವನ್ನು ರದ್ದುಮಾಡಿದ.